ಒಬ್ಬಳೇ ಹೊರಟ ಮಗಳು

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬ ನಾಣ್ಣುಡಿಯನ್ನು ನಾವು ಎಷ್ಟು ಸಾವಿರ ಸಲ ಹೇಳಿರುವೆವೋ ಲೆಕ್ಕವಿಲ್ಲ. ಮೂವತ್ತು ವರ್ಷಗಳ ಕಾಲ ಶಾಲಾ ಶಿಕ್ಷಕರಾಗಿದ್ದ ನಮಗೆ ಅದನ್ನು ಹೇಳುವುದು ಕಾಯಕದ ಒಂದು ಭಾಗವೇ ಆಗಿತ್ತು. ಆದರೆ ನಮ್ಮ ಸ್ವಂತ ಮಗಳು ಆ ನುಡಿಯನ್ನು ನಿಜವೆಂದು ನಂಬಿ, ‘ಅಪ್ಪಾ, ಮೂರು ಸಾವಿರ ಕಿಲೋಮೀಟರ್ ದಾರಿಯನ್ನು ನಾನೊಬ್ಬಳೇ ಕಾರಿನಲ್ಲಿ ಹೋಗುತ್ತೇನೆ’ ಎಂದು ತಿಳಿಸಿದಾಗ ನಮ್ಮ ಬಾಯಿಂದ ಬಂದ ಮೊದಲ ಮಾತು ‘ಬೇಡ’ ಎಂಬುದೇ ಆಗಿತ್ತು. ಆ ‘ಬೇಡ’ ಎಲ್ಲಿಂದ ಬಂದಿತು, ಮುಂದೆ ಅದು ಏನಾಯಿತು ಎಂಬುದನ್ನು ಹೆಣ್ಣುಮಕ್ಕಳ ತಂದೆತಾಯಿಗಳಾದ ಓದುಗ ಬಂಧುಗಳೊಡನೆ ಹಂಚಿಕೊಳ್ಳಬೇಕೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ನಮ್ಮದು ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿ. ಹಿಂದೆ ಬಂಗಾರಪೇಟೆ ತಾಲ್ಲೂಕಿಗೆ ಸೇರಿದ್ದ ಈ ಹೋಬಳಿ ಈಗ ಕೆ.ಜಿ.ಎಫ್. ತಾಲ್ಲೂಕಿನಲ್ಲಿದೆ. ಆಂಧ್ರದ ಗಡಿ ಹತ್ತಿರ. ಕನ್ನಡ, ತೆಲುಗು, ತಮಿಳು ಮೂರೂ ಬೀದಿಯ ಮಾತುಗಳು. ನಮ್ಮ ತಂದೆಯವರು ಚಿನ್ನದ ಗಣಿಯ ಸರ್ವೆ ವಿಭಾಗದಲ್ಲಿ ಕೆಲಸಕ್ಕಿದ್ದರು. ಕೊರಳಲ್ಲಿ ಇಷ್ಟಲಿಂಗ, ತಲೆಯ ಮೇಲೆ ದೀಪದ ಟೊಪ್ಪಿಗೆ, ಹೀಗೆ ಅವರು ಪಂಜರದಲ್ಲಿ ನಿಂತು ಭೂಗರ್ಭಕ್ಕಿಳಿಯುತ್ತಿದ್ದರು. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಹೆಚ್ಚು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದಾಗ ನಮ್ಮ ಮಗಳಿಗೆ ಒಂಬತ್ತು ವರ್ಷ. ‘ತಾತಾ, ಒಳಗೆ ಇನ್ನೂ ಚಿನ್ನ ಇದೆಯೇ?’ ಎಂದು ಅವಳು ಕೇಳುತ್ತಿದ್ದಳು. ಆ ಪ್ರಶ್ನೆಯೇ ಅವಳನ್ನು ಬೆಂಗಳೂರಿಗೆ ಭೂವಿಜ್ಞಾನ ಓದಲು ಒಯ್ದಿತು. ಅಲ್ಲಿಂದ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರಕ್ಕೂ ಒಯ್ದಿತು.

2019ರಲ್ಲಿ ಅವಳ ಕೆಲಸ ಮೆಲ್ಬರ್ನಿನಿಂದ ಕಾಲ್ಗೂರ್ಲಿ ಎಂಬ ಊರಿಗೆ ಬದಲಾಯಿತು. ಅದು ಪಶ್ಚಿಮ ಆಸ್ಟ್ರೇಲಿಯಾದ ಚಿನ್ನದ ಗಣಿಯ ಊರು; ಒಂದರ್ಥದಲ್ಲಿ ಅಲ್ಲಿಯ ಕೆ.ಜಿ.ಎಫ್. ವಿಮಾನದಲ್ಲಿ ಹೋಗಬಹುದಿತ್ತು. ಆದರೆ ಅವಳು ತನ್ನ ಕಾರು, ಪುಸ್ತಕ, ಪಾತ್ರೆಗಳೊಡನೆ ದಕ್ಷಿಣದ ಕಡಲಂಚನ್ನೂ ಒಳನಾಡನ್ನೂ ಹಾದು ಹತ್ತು ದಿನಗಳಲ್ಲಿ ತಲುಪುವುದೆಂದು ನಿಶ್ಚಯಿಸಿದ್ದಳು.

ನಾವು ಬೇಡವೆಂದೆವು. ನಮ್ಮ ಶ್ರೀಮತಿಯವರು ಅತ್ತರು. ಬಂಧುಗಳಲ್ಲಿ ಹಿರಿಯರೊಬ್ಬರು, ‘ಗಂಡಿನ ಕಡೆಯವರಿಗೆ ಗೊತ್ತಾದರೆ ಏನೆಂದುಕೊಂಡಾರು?’ ಎಂದು ಎಚ್ಚರಿಸಿದರು. ಆಗ ಒಂದು ಸಂಬಂಧದ ಮಾತುಕತೆ ನಡೆಯುತ್ತಿದ್ದುದು ನಿಜ. ಎಲ್ಲವನ್ನೂ ಕೇಳಿಸಿಕೊಂಡ ಮಗಳು ಒಂದೇ ಪ್ರಶ್ನೆ ಕೇಳಿದಳು: ‘ಅಪ್ಪಾ, ನಿಮಗೆ ಭಯ ದಾರಿಯದೋ, ಜನರ ಮಾತಿನದೋ?’ ನಮ್ಮಲ್ಲಿ ಉತ್ತರವಿರಲಿಲ್ಲ. ಕೋಪ ಮಾತ್ರ ಇತ್ತು. ನಾಲ್ಕು ದಿನ ಅವಳೊಡನೆ ಮಾತನಾಡಲಿಲ್ಲ. ಐದನೆಯ ದಿನ ಹಳೆಯ ಶಾಲಾ ನಕಾಶೆಗಳ ಕಟ್ಟಿನಿಂದ ಆಸ್ಟ್ರೇಲಿಯಾದ ನಕಾಶೆಯನ್ನು ಹುಡುಕಿ ನಡುಮನೆಯ ಗೋಡೆಗೆ ಅಂಟಿಸಿ, ಕೆಂಪು ಪೆನ್ಸಿಲನ್ನು ಪಕ್ಕದಲ್ಲಿಟ್ಟೆವು. ಅದೇ ನಮ್ಮ ಒಪ್ಪಿಗೆ. ನಮ್ಮ ಶ್ರೀಮತಿಯವರು ಫೋನಿನಲ್ಲಿ ಅದನ್ನು ಮಗಳಿಗೆ ತಿಳಿಸಿದರು.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಅವಳು ಹೊರಟಳು. ಪ್ರತಿ ಸಂಜೆ ತಂಗುವ ಊರಿನಿಂದ ಫೋನು ಮಾಡಬೇಕು, ಸೂರ್ಯ ಮುಳುಗಿದ ಮೇಲೆ ಕಾರು ನಡೆಸಬಾರದು ಎಂಬುವು ನಾವು ಹಾಕಿದ ಎರಡು ಷರತ್ತುಗಳು. ಎರಡನೆಯದನ್ನು ಆ ದೇಶದವರೇ ಹೇಳುತ್ತಾರಂತೆ. ಮುಸ್ಸಂಜೆಯಲ್ಲಿ ಕಾಂಗರೂಗಳು ರಸ್ತೆಗೆ ನೆಗೆಯುವುದರಿಂದ ಅನೇಕ ಅಪಘಾತಗಳಾಗುತ್ತವೆ.

ಮೊದಲೆರಡು ದಿನ ಸಾಗರದ ಅಂಚಿನ ‘ಗ್ರೇಟ್ ಓಷನ್ ರೋಡ್’ ಎಂಬ ಹೆದ್ದಾರಿ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಅಬ್ಬರಿಸುವ ಸಮುದ್ರ. ಸುಮಾರು 240 ಕಿಲೋಮೀಟರ್ ಉದ್ದದ ಈ ರಸ್ತೆಯನ್ನು 1919ರಿಂದ 1932ರವರೆಗೆ, ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು ಗುದ್ದಲಿ ಹಾರೆಗಳಿಂದ ಕಡಿದರು. ಯುದ್ಧದಲ್ಲಿ ಮಡಿದ ತಮ್ಮ ಸಂಗಾತಿಗಳಿಗೆ ಅವರು ಕಟ್ಟಿದ ಸ್ಮಾರಕವೇ ಈ ರಸ್ತೆ. ಕಲ್ಲಿನ ಪ್ರತಿಮೆಯ ಬದಲು ನಾಲ್ಕು ಜನ ನಡೆದಾಡುವ ದಾರಿಯನ್ನೇ ಸ್ಮಾರಕವಾಗಿಸಿದ ಆ ಕೆಲಸ, ಸ್ಥಾವರಕ್ಕಿಂತ ಜಂಗಮ ದೊಡ್ಡದೆಂದು ನಂಬಿದ ನಮಗೆ ಬಹಳ ಹಿಡಿಸಿತು. ಆ ದಾರಿಯಲ್ಲಿ ‘ಹನ್ನೆರಡು ಅಪೊಸ್ತಲರು’ ಎಂದು ಹೆಸರಾದ ಸುಣ್ಣಕಲ್ಲಿನ ಕಂಬಗಳು ಸಮುದ್ರದ ನಡುವೆ ನಿಂತಿವೆ. ಅಲೆಗಳು ಅವುಗಳ ಬುಡವನ್ನು ಕೊರೆಯುತ್ತಲೇ ಇವೆ. 2005ರಲ್ಲಿ ಒಂದು ಕಂಬ ಕುಸಿದೇ ಬಿದ್ದಿತು. ‘ಕಲ್ಲೂ ನಿಲ್ಲುವುದಿಲ್ಲ ಅಪ್ಪಾ’ ಎಂದಳು ಮಗಳು.

ಮೂರನೆಯ ದಿನ ಮೌಂಟ್ ಗ್ಯಾಂಬಿಯರ್. ಅಲ್ಲಿ ಆರಿದ ಜ್ವಾಲಾಮುಖಿಯ ಬಾಯಲ್ಲಿ ‘ನೀಲಿ ಸರೋವರ’ವೊಂದಿದೆ. ಆದರೆ ಅದು ಕಡುನೀಲಿಯಾಗುವುದು ಅಲ್ಲಿಯ ಬೇಸಿಗೆಯಾದ ನವೆಂಬರಿನಿಂದೀಚೆಗೆ. ನಮ್ಮ ಮಗಳಿಗೆ ಕಂಡದ್ದು ಬೂದುಬಣ್ಣದ ನೀರು. ಮುಂದೆ ಅಡಿಲೇಡ್, ಪೋರ್ಟ್ ಅಗಸ್ಟಾ, ಸೆಡೂನಾ. ಗೋಡೆಯ ಮೇಲೆ ನಮ್ಮ ಕೆಂಪು ಗೆರೆ ಪಶ್ಚಿಮಕ್ಕೆ ಬೆಳೆಯುತ್ತಿತ್ತು. ಒಂದು ಸೋಜಿಗವನ್ನು ಇಲ್ಲಿ ಹೇಳಬೇಕು. ಆ ತಿಂಗಳಲ್ಲಿ ಮೆಲ್ಬರ್ನಿನ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಮುಂದಿರುತ್ತದೆ, ಅಡಿಲೇಡಿನದು ನಾಲ್ಕು ಗಂಟೆ, ಕಾಲ್ಗೂರ್ಲಿಯದು ಎರಡೂವರೆ ಗಂಟೆ. ದಿನಕಳೆದಂತೆ ಮಗಳ ಹೊತ್ತು ನಮ್ಮ ಹೊತ್ತಿಗೆ ಹತ್ತಿರವಾಗುತ್ತ ಬಂದಿತು. ‘ಕೂಸು ಮನೆಯ ಕಡೆಗೇ ಬರುತ್ತಿದೆ’ ಎಂದು ನಮ್ಮ ಶ್ರೀಮತಿಯವರು ಸಮಾಧಾನಪಟ್ಟುಕೊಂಡರು.

ಸೆಡೂನಾದಿಂದಾಚೆಗೆ ನಲ್ಲರ್ಬೋರ್ ಬಯಲು. ಲ್ಯಾಟಿನ್ ಭಾಷೆಯಲ್ಲಿ ‘ಮರವಿಲ್ಲದ್ದು’ ಎಂದು ಅದರ ಅರ್ಥ. ಮುಂದಿನ ಪಟ್ಟಣವಾದ ನಾರ್ಸ್‌ಮನ್ ಸುಮಾರು 1200 ಕಿಲೋಮೀಟರ್ ದೂರ. ನಡುವೆ ದೊಡ್ಡ ಊರುಗಳಿಲ್ಲ; ಪೆಟ್ರೋಲು, ಊಟ, ಮಲಗಲು ಕೋಣೆ ಒದಗಿಸುವ ‘ರೋಡ್‌ಹೌಸ್’ಗಳು ಮಾತ್ರ ಇವೆ. 1841ರಲ್ಲಿ ಎಡ್ವರ್ಡ್ ಐರ್ ಎಂಬ ಆಂಗ್ಲ ಸಾಹಸಿ, ವೈಲಿ ಎಂಬ ಆದಿವಾಸಿ ತರುಣನ ಜೊತೆಯಲ್ಲಿ, ಈ ಕಡಲಂಚಿನ ಬರಡು ಭೂಮಿಯನ್ನು ನೀರಿಲ್ಲದೆ ಬಳಲುತ್ತ ದಾಟಿದ. ಇಂದಿನ ಹೆದ್ದಾರಿಗೆ ಅವನದೇ ಹೆಸರು. ಅದು ಪೂರ್ತಿಯಾಗಿ ಡಾಂಬರು ಕಂಡದ್ದು 1976ರಲ್ಲಿ. ತುರ್ತು ಸಮಯದಲ್ಲಿ ವೈದ್ಯರ ವಿಮಾನ ಇಳಿಯಲೆಂದು ಅದರ ಕೆಲವು ಭಾಗಗಳಲ್ಲಿ ರಸ್ತೆಯ ಮೇಲೆಯೇ ಗುರುತುಗಳನ್ನು ಬರೆದಿದ್ದಾರೆ.

ಏಳನೆಯ ದಿನ ಫೋನು ಬರಲಿಲ್ಲ.

ಅವಳ ಸಂಜೆ ಏಳು ಎಂದರೆ ನಮ್ಮ ಮಧ್ಯಾಹ್ನ ಮೂರು. ಮೂರಾಯಿತು, ಐದಾಯಿತು, ಕತ್ತಲಾಯಿತು. ನಾವೇ ಕರೆ ಮಾಡಿದರೆ ಉತ್ತರವಿಲ್ಲ. ಅಲ್ಲಿ ಆಗಲೇ ನಡುರಾತ್ರಿ. ಯಾರನ್ನು ಕೇಳುವುದು? ನಮ್ಮ ಶ್ರೀಮತಿಯವರು ಲಿಂಗಪೂಜೆಗೆ ಕುಳಿತವರು ಏಳಲೇ ಇಲ್ಲ. ನಾವು ನಕಾಶೆಯ ಮುಂದೆ ನಿಂತು, ನಿನ್ನೆ ಎಳೆದ ಗೆರೆಯ ತುದಿಯನ್ನೇ ನೋಡುತ್ತಿದ್ದೆವು. ಆ ರಾತ್ರಿ ನಮಗೆ ನೆನಪಾದವರು ನಮ್ಮ ತಾಯಿ. ಗಣಿಯಲ್ಲಿ ಬಂಡೆ ಸಿಡಿಯಿತೆಂಬ ಸುದ್ದಿ ಬಂದ ರಾತ್ರಿಗಳಲ್ಲಿ ಅವರೂ ಇದೇ ನಡುಮನೆಯಲ್ಲಿ, ಇದೇ ಕಂಬಕ್ಕೊರಗಿ, ಬೆಳಗಿನವರೆಗೆ ಕುಳಿತಿರುತ್ತಿದ್ದರು. ಆದರೂ ಮರುದಿನ ತಂದೆಯವರಿಗೆ ರಾಗಿಮುದ್ದೆಯ ಬುತ್ತಿ ಕಟ್ಟಿ ಕಳಿಸುತ್ತಿದ್ದರು. ಸೂರ್ಯನ ಬೆಳಕೇ ಇಲ್ಲದ ಪಾತಾಳಕ್ಕೆ ಗಂಡುಮಗ ಇಳಿಯುವಾಗ ಊರಿನಲ್ಲಿ ಯಾರೂ ಬೇಡವೆನ್ನಲಿಲ್ಲ. ಹಾಡುಹಗಲಿನಲ್ಲಿ, ಭೂಮಿಯ ಮೇಲೆ, ಒಳ್ಳೆಯ ರಸ್ತೆಯಲ್ಲಿ ಹೆಣ್ಣುಮಗಳು ಹೊರಟರೆ ಊರೆಲ್ಲ ಬೇಡವೆನ್ನುತ್ತದೆ! ಹಾಗಾದರೆ ನಮ್ಮ ಆ ಮೊದಲ ‘ಬೇಡ’ ಅಪಾಯವನ್ನು ಅಳೆದು ಹೇಳಿದ್ದಾಗಿರಲಿಲ್ಲ. ಮಗಳು ಕೇಳಿದ್ದ ಪ್ರಶ್ನೆಗೆ ಉತ್ತರ ಆ ರಾತ್ರಿ ದೊರೆಯಿತು. ಅದನ್ನು ಕೇಳಿಸಿಕೊಳ್ಳಲು ಅವಳು ಬದುಕಿದ್ದಾಳೋ ಇಲ್ಲವೋ ಎಂಬುದು ಮಾತ್ರ ತಿಳಿಯದಾಗಿತ್ತು.

ಇನ್ನೊಂದು ನೆನಪೂ ನಮ್ಮನ್ನು ಚುಚ್ಚಿತು. ಪ್ರತಿ ವರ್ಷ ಅಕ್ಕಮಹಾದೇವಿಯ ಜಯಂತಿಯಂದು ಶಾಲೆಯಲ್ಲಿ ಭಾಷಣ ಮಾಡುತ್ತಿದ್ದವರು ನಾವು. ಹನ್ನೆರಡನೆಯ ಶತಮಾನದಲ್ಲಿ ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ಒಬ್ಬಳೇ ನಡೆದ ತರುಣಿಯನ್ನು ಕೊಂಡಾಡಿ ಚಪ್ಪಾಳೆ ಗಿಟ್ಟಿಸಿದ್ದೆವು. ಅಕ್ಕ ಕಲ್ಯಾಣಕ್ಕೆ ಬಂದಾಗ ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳು ಅವಳ ಪತಿ ಯಾರೆಂದು ಕೇಳಿದರೆಂದು ಶೂನ್ಯಸಂಪಾದನೆ ಹೇಳುತ್ತದೆ. ಉತ್ತರ ಕೇಳಿದ ಮೇಲೆ ಅವರೆಲ್ಲ ಅವಳನ್ನು ಅಕ್ಕನೆಂದು ಗೌರವಿಸಿದರು. ನಾವಾದರೋ ಪ್ರಶ್ನೆಯನ್ನು ಮಾತ್ರ ಉಳಿಸಿಕೊಂಡು ಗೌರವವನ್ನು ಮರೆತಿದ್ದೆವು. ನಮ್ಮ ಮಗಳನ್ನು ಅಕ್ಕನಿಗೆ ಹೋಲಿಸುವ ಅವಿವೇಕ ನಮಗಿಲ್ಲ. ಆದರೆ ಎಂಟು ನೂರು ವರ್ಷಗಳ ಹಿಂದಿನ ಹೆಣ್ಣಿಗೆ ಕೈಮುಗಿದು, ಮನೆಯ ಹೆಣ್ಣಿಗೆ ಬಾಗಿಲು ಹಾಕುವುದು ಯಾವ ನ್ಯಾಯ?

ಬೆಳಗಿನ ಜಾವ ಐದಕ್ಕೆ ಫೋನು ಬಂದಿತು. ‘ಅಪ್ಪಾ, ಕ್ಷಮಿಸಿ’ ಎಂಬುದೇ ಅವಳ ಮೊದಲ ಮಾತು. ಆಗಿದ್ದಿಷ್ಟು: ‘ಹೆಡ್ ಆಫ್ ಬೈಟ್’ ಎಂಬ ಕಡಲಂಚಿನ ದಿಬ್ಬದಲ್ಲಿ, ಮರಿಗಳೊಡನೆ ಬಂದ ತಿಮಿಂಗಿಲಗಳನ್ನು ನೋಡುತ್ತ ಅವಳಿಗೆ ಹೊತ್ತು ಹೋದದ್ದು ತಿಳಿಯಲಿಲ್ಲ. ಅಂಟಾರ್ಕ್ಟಿಕದ ಕಡೆಯಿಂದ ಚಳಿಗಾಲದಲ್ಲಿ ಅವು ಅಲ್ಲಿಗೆ ಮರಿ ಹಾಕಲು ಬರುತ್ತವೆ. ಹೊರಡುವಷ್ಟರಲ್ಲಿ ಸೂರ್ಯ ಇಳಿಯುತ್ತಿದ್ದ. ನಮ್ಮ ಎರಡನೆಯ ಷರತ್ತನ್ನು ಪಾಲಿಸಲು, ಮೊದಲು ಗೊತ್ತುಮಾಡಿದ್ದ ಸ್ಥಳವನ್ನು ಬಿಟ್ಟು ಹತ್ತಿರದ ತಂಗುದಾಣದಲ್ಲಿ ಉಳಿದಳು. ಅಲ್ಲಿ ಮೊಬೈಲ್ ಕೆಲಸ ಮಾಡುತ್ತಿರಲಿಲ್ಲ. ಹೊರಗಿದ್ದ ಫೋನೂ ಕೆಟ್ಟಿತ್ತು. ಹೀಗೆ ಎರಡನೆಯ ಷರತ್ತನ್ನು ಉಳಿಸಲು ಹೋಗಿ ಮೊದಲನೆಯದು ಮುರಿದಿತ್ತು. ನಾವು ಬೈಯಬೇಕೆಂದು ಬಾಯಿ ತೆರೆದೆವು. ಬಂದದ್ದು, ‘ಊಟ ಆಯಿತೇ, ಮಗೂ?’ ಎಂಬ ಮಾತು.

ಅಂದು ರಾಜ್ಯದ ಗಡಿಯಲ್ಲಿ ತಪಾಸಣೆ. ಹಣ್ಣು, ತರಕಾರಿ, ಜೇನುತುಪ್ಪಗಳನ್ನು ಪಶ್ಚಿಮ ಆಸ್ಟ್ರೇಲಿಯಾದೊಳಗೆ ಒಯ್ಯುವಂತಿಲ್ಲ. ಬೆಳೆಗೆ ಕೀಟ, ರೋಗ ತಗಲಬಾರದೆಂಬ ಎಚ್ಚರಿಕೆ. ಉಳಿದಿದ್ದ ಎರಡು ಸೇಬುಗಳನ್ನು ಅಲ್ಲೇ ನಿಂತು ತಿಂದು ಮುಗಿಸಿದಳಂತೆ. ರಾಗಿಹಿಟ್ಟು, ಚಟ್ನಿಪುಡಿಗಳಿಗೆ ಅಡ್ಡಿಯಾಗಲಿಲ್ಲ. ಅಧಿಕಾರಿಣಿಯೊಬ್ಬಳು ಬೆಳ್ಳಿಯ ಕರಡಿಗೆಯನ್ನು ನೋಡಿ ಏನೆಂದು ಕೇಳಿದಾಗ, ‘ಇದು ನನ್ನ ಪೂಜೆಯದು. ನಾನು ಹೋದಲ್ಲಿಗೆ ಇದೂ ಬರುತ್ತದೆ’ ಎಂದಳಂತೆ. ಆಕೆ ನಕ್ಕು, ‘ಹಾಗಾದರೆ ನೀನು ಒಬ್ಬಳೇ ಅಲ್ಲ’ ಎಂದು ಕಳಿಸಿದಳು. ಪ್ರತಿ ಮುಂಜಾನೆ ಹೊರಡುವ ಮೊದಲು ತಂಗಿದ ಕೋಣೆಯಲ್ಲಿ, ಒಮ್ಮೆ ಕಾರಿನಲ್ಲೇ ಕುಳಿತು, ಕರಸ್ಥಲದಲ್ಲಿ ಲಿಂಗವನ್ನಿಟ್ಟು ಪೂಜಿಸಿದ್ದಳೆಂಬುದು ನಮಗೆ ಆಗ ತಿಳಿಯಿತು. ಗುಡಿಯಿಲ್ಲದ, ಊರಿಲ್ಲದ, ಮರವೂ ಇಲ್ಲದ ಬಯಲಿನಲ್ಲಿ ಆ ಪೂಜೆಗೆ ಏನೂ ಕೊರತೆಯಾಗಲಿಲ್ಲ. ಬಸವಾದಿ ಶರಣರು ದೇವರನ್ನು ಗುಡಿಯಿಂದ ಅಂಗೈಗೆ ತಂದುದರ ಅರ್ಥವನ್ನು ಅರವತ್ತು ದಾಟಿದ ನಾವು ಮಗಳ ಪ್ರವಾಸದಿಂದ ಕಲಿತೆವು.

ಒಂಬತ್ತನೆಯ ದಿನದ್ದು ತಿರುವೇ ಇಲ್ಲದ ರಸ್ತೆ. 146 ಕಿಲೋಮೀಟರ್ ನೇರ. ನಿದ್ದೆ ಬಾರದಿರಲೆಂದು ಅವಳು ಗಂಟೆಗೊಮ್ಮೆ ಇಳಿದು ನಡೆದಾಡಿದಳಂತೆ. ಹತ್ತನೆಯ ದಿನ ಮಧ್ಯಾಹ್ನ ಕಾಲ್ಗೂರ್ಲಿ ತಲುಪಿದಳು. ನಾವು ಗೆರೆಯನ್ನು ಪೂರ್ತಿಗೊಳಿಸಿದೆವು.

ನಡೆಯುತ್ತಿದ್ದ ಸಂಬಂಧದ ಮಾತು ಅಲ್ಲಿಗೇ ನಿಂತಿತು. ‘ಹುಡುಗಿ ಒಬ್ಬಳೇ ಹೋಗಿದ್ದಳಂತೆ, ನಿಜವೇ?’ ಎಂದು ಅವರು ಕೇಳಿಸಿದರು. ‘ನಿಜ’ ಎಂದು ಹೇಳಿಕಳಿಸಿದೆವು. ಒಂದು ವಾರ ಮನಸ್ಸಿಗೆ ಭಾರವೆನಿಸಿದ್ದನ್ನು ಮುಚ್ಚಿಡುವುದಿಲ್ಲ.

2023ರಲ್ಲಿ ನಾವು ದಂಪತಿಗಳು ಕಾಲ್ಗೂರ್ಲಿಗೆ ಹೋಗಿಬಂದೆವು. 1893ರಲ್ಲಿ ಪ್ಯಾಡಿ ಹ್ಯಾನನ್ ಮತ್ತು ಅವನ ಸಂಗಡಿಗರು ಅಲ್ಲಿ ಚಿನ್ನ ಕಂಡರು. ಹ್ಯಾನನ್ ಐರ್ಲೆಂಡಿನವನು, 1871ರಲ್ಲಿ ಬೆಂಗಳೂರಿನಿಂದ ಎತ್ತಿನ ಗಾಡಿಯಲ್ಲಿ ನಮ್ಮ ಕೋಲಾರದ ಸೀಮೆಗೆ ಚಿನ್ನ ಹುಡುಕಿ ಬಂದ ಲವೆಲ್ ಸಹ ಐರಿಷ್ ಸೈನಿಕನೇ. ನಮ್ಮ ಗಣಿಗೆ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದರೆ, ಅವರ ಗಣಿಗೆ 1903ರಲ್ಲಿ 530 ಕಿಲೋಮೀಟರ್ ದೂರದಿಂದ ಕೊಳವೆಯಲ್ಲಿ ನೀರು ಬಂದಿತು. ಆ ಕೊಳವೆಯನ್ನು ಯೋಜಿಸಿದ ಓಕಾನರ್ ಎಂಬ ಎಂಜಿನಿಯರ್ ಜನರ ನಿಂದೆಗೆ ನೊಂದು, ನೀರು ಬರುವ ಹಿಂದಿನ ವರ್ಷವೇ ಪ್ರಾಣ ಕಳೆದುಕೊಂಡರು. ಜನರ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂಬ ಪಾಠ ಆ ಕೊಳವೆಯ ಪಕ್ಕದಲ್ಲಿ ನಿಂತಾಗ ನಮಗೆ ಇನ್ನೊಮ್ಮೆ ಆಯಿತು. ಅಲ್ಲಿಯ ಗಣಿ ಇನ್ನೂ ದುಡಿಯುತ್ತಿದೆ. ನಮ್ಮದು ಸೈನೈಡ್ ದಿಬ್ಬಗಳಾಗಿ ಉಳಿದಿದೆ. ನಮ್ಮ ಮಕ್ಕಳು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗದೆ ಬೇರೆ ದಾರಿಯಿಲ್ಲ.

ಮೊನ್ನೆ ಪಕ್ಕದ ಬೀದಿಯ ತಾಯಿಯೊಬ್ಬರು ಮನೆಗೆ ಬಂದಿದ್ದರು. ಮಗಳಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ. ಬೆಳಗಿನ ಕತ್ತಲಲ್ಲಿ ಸ್ಕೂಟರಿನಲ್ಲಿ ಬಂಗಾರಪೇಟೆಗೆ ಹೋಗಿ ರೈಲು ಹತ್ತಬೇಕು. ‘ಒಬ್ಬಳನ್ನೇ ಕಳಿಸಬಹುದೇ, ಮೇಷ್ಟ್ರೇ?’ ಎಂದು ಕೇಳಿದರು. ನಾವು ಗೋಡೆಯ ನಕಾಶೆಯನ್ನು ತೋರಿಸಲಿಲ್ಲ, ಭಾಷಣವನ್ನೂ ಮಾಡಲಿಲ್ಲ. ‘ಸ್ಕೂಟರಿನ ದೀಪ, ಬ್ರೇಕು ಚೆನ್ನಾಗಿವೆಯೇ ನೋಡಿಸಿ. ಹೊರಟ ಹೊತ್ತು, ಮುಟ್ಟಿದ ಹೊತ್ತು ತಿಳಿಸಲು ಹೇಳಿ. ಒಂದು ದಿನ ತಿಳಿಸದಿದ್ದರೆ ಬೈಯಬೇಡಿ, ಊಟವಾಯಿತೇ ಎಂದು ಕೇಳಿ. ಹೋಗಿಬರಲಿ ತಾಯೀ’ ಎಂದೆವು.