ನೀರುಗಂಟಿಯಿಲ್ಲದ ಕೆರೆ

ಬಡಾವಣೆಯ ಮಿಕ್ಕ ರಸ್ತೆಗಳೆಲ್ಲ ನೇರವಾಗಿರುವಾಗ ನಮ್ಮ ಮನೆಯ ಹಿಂದಿನದೊಂದು ಮಾತ್ರ ಏಕೆ ಬಿಲ್ಲಿನಂತೆ ಬಾಗಿದೆಯೆಂದು ಮೊಮ್ಮಗಳು ಮೊನ್ನೆ ಕೇಳಿದಳು. ಕೆರೆಯ ಏರಿಗೆ ಡಾಂಬರು ಬಳಿದರೆ ರಸ್ತೆ ಬಾಗದೆ ಇನ್ನೇನು ಮಾಡೀತು?

ಕನಕಪುರ ರಸ್ತೆಯಿಂದ ತುಸು ಒಳಗಿದ್ದ ನಮ್ಮೂರು ಆಗ ಬೆಂಗಳೂರಾಗಿರಲಿಲ್ಲ. 1948ರಲ್ಲಿ ಜಯನಗರಕ್ಕೆ ಅಸ್ತಿಭಾರವಿಟ್ಟ ಸುದ್ದಿ ಪರದೇಶದ ವಾರ್ತೆಯಾಗಿಯೇ ನಮ್ಮನ್ನು ಮುಟ್ಟಿತು. ಯಾವ ನೆಲವನ್ನು ಉಳಬೇಕು, ಯಾವುದರಲ್ಲಿ ದನ ಮೇಯಬೇಕು, ಯಾವ ಗುಂಡುತೋಪಿನ ನೆರಳಿನಲ್ಲಿ ಗಾಡಿಯ ನೊಗವನ್ನಿಳಿಸಬೇಕು, ಯಾವ ದಿಬ್ಬದಲ್ಲಿ ಸತ್ತವರನ್ನು ಹೂಳಬೇಕು ಎಂಬುದೆಲ್ಲ ಶಾನುಭೋಗರ ಕಡತದಲ್ಲಿ ಹೇಗೆ ಬರೆದಿತ್ತೋ ಏನೋ; ನಾವಂತೂ ಅದನ್ನು ಕಾಲಿನಿಂದಲೇ ಅರಿತಿದ್ದೆವು.

ಆ ಸಮಸ್ತ ವ್ಯವಸ್ಥೆಗೆ ಮೂಲಾಧಾರನಾಗಿದ್ದವನು ನೀರುಗಂಟಿ. ಮಳೆಗಾಲದ ರಾತ್ರಿಗಳಲ್ಲಿ, ಊರೆಲ್ಲ ಕಂಬಳಿಯೊಳಗೆ ಹುದುಗಿರುವಾಗ, ಲಾಂದ್ರವೊಂದನ್ನು ಹಿಡಿದು ಏರಿಯ ಉದ್ದಕ್ಕೂ ನಡೆದು, ಏಡಿ ಕೊರೆದ ಬಿಲಗಳಿಗೆ ಜೇಡಿಮಣ್ಣನ್ನು ಮೆಟ್ಟಿ, ಕೋಡಿಯ ಕಲ್ಲಿನ ಮೇಲೆ ನೀರು ಎಷ್ಟು ಹೊರಳುತ್ತಿದೆಯೆಂಬುದನ್ನು ಪಾದದಿಂದಲೇ ಅಳೆದು, ಬೆಳಗಾಗುವ ವೇಳೆಗೆ ತೂಬಿನ ಬಿರಡೆಯನ್ನೆತ್ತಲು ಕೊರೆಯುವ ನೀರಿಗಿಳಿಯುತ್ತಿದ್ದ ಆ ಮನುಷ್ಯನನ್ನು ಊರಿನ ಎಳೆಯ ಮಕ್ಕಳೂ ಏಕವಚನದಲ್ಲಿಯೇ ಕರೆಯುತ್ತಿದ್ದರು. ಆತನೋ ತೊಟ್ಟಿಲ ಕೂಸಿಗೂ ಬಹುವಚನವನ್ನೇ ಸಲ್ಲಿಸುತ್ತಿದ್ದ. ನೀರು ಬಿಟ್ಟ ಮೇಲೆ ಗದ್ದೆಬಯಲಿನಲ್ಲಿ ಹೊಂಗೆಯ ಸೊಪ್ಪನ್ನು ಕೆಸರಿಗೆ ತುಳಿಯುವರು; ನಾಲ್ಕೈದು ದಿನಗಳಲ್ಲಿ ಅದು ಕೊಳೆತು, ಕಹಿಯೂ ಹುಳಿಯೂ ಬೆರೆತ ಒಂದು ಗಾಢವಾದ ವಾಸನೆ ಊರನ್ನೆಲ್ಲ ವ್ಯಾಪಿಸುವುದು. ಪಟ್ಟಣದಿಂದ ಬಂದ ನೆಂಟರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನನಗೆ ಈಗಲೂ ಅನ್ನವೆಂದರೆ ಮೊದಲು ನೆನಪಾಗುವುದು ಆ ನಾತವೇ.

ಕೆರೆ ಅರ್ಧವೂ ತುಂಬದ ಒಂದು ವರ್ಷ, ತೂಬಿನ ಬುಡದಲ್ಲಿಯೇ ಗದ್ದೆಯಿದ್ದ ದೊಡ್ಡ ಒಕ್ಕಲಿನ ಯಜಮಾನರು, ವಾಡಿಕೆಯ ಆಯದ ಮೇಲೆ ಎರಡು ಕೊಳಗ ಭತ್ತವನ್ನು ಹೆಚ್ಚಿಗೆ ಕೊಡುವುದಾಗಿ ಹೇಳಿ ಒಂದು ರಾತ್ರಿಯ ನೀರನ್ನು ಕೇಳಿದರು. "ಕಡೇ ಗದ್ದೆ ನೆನೆಯೋಗಂಟ ಮೊದಲ್ನೇ ಗದ್ದೆಗೆ ನೀರಿಲ್ಲ, ಬುದ್ದಿ" ಎಂದ ನೀರುಗಂಟಿ. ಎರಡು ನಾಲ್ಕಾಯಿತು; ನಾಲ್ಕರ ಮೇಲೊಂದು ಜೊತೆ ಪಂಚೆಯೂ ಬಂತು. "ನೀವು ಕೊಳಗ ಕೊಡ್ತೀರಿ, ನೀರು ಕೆರೆ ಕೊಡಬೇಕಲ್ಲ?" ಎಂದವನೇ ಕೈಮುಗಿದು ಹೊರಟುಹೋದ. ಯಜಮಾನರು ಅರ್ಧ ಗದ್ದೆಗೆ ರಾಗಿ ಹಾಕಿ ಸುಮ್ಮನಾದರು. ಸುಗ್ಗಿಯ ಕಣದಲ್ಲಿ ಅವನ ಪಾಲಿನ ಹೊರೆಗಳಲ್ಲಿ ಒಂದು ಕಡಮೆಯಾಯಿತು. ಯಾರೂ ಕೇಳಲಿಲ್ಲ, ನನ್ನ ತಂದೆಯವರೂ ಅಲ್ಲಿಯೇ ನಿಂತಿದ್ದರು.

ಆದುದರಿಂದ ಅದು ಸತ್ಯಯುಗವಾಗಿತ್ತೆಂದು ನಾನು ಹೇಳಲಾರೆ. ಊರಿಗೆಲ್ಲ ನೀರನ್ನು ಹಂಚಿದವನು ಊರಬಾವಿಯ ನೀರನ್ನು ಸೇದುವಂತಿರಲಿಲ್ಲ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಪಡಿಸಿದ 1961ರ ಕಾಯಿದೆ ಅವನ ಮಕ್ಕಳನ್ನು ಆ ಊಳಿಗದಿಂದ ಬಿಡಿಸಿದುದು ನ್ಯಾಯವೇ ಸರಿ. ಒಬ್ಬ ಮಗ ಕಾರ್ಖಾನೆ ಸೇರಿದ, ಸಮವಸ್ತ್ರ ತೊಟ್ಟ. ಆತನನ್ನು ಕಂಡಾಗ ನನಗೆ ಸಂತೋಷವೇ ಆಗುತ್ತಿತ್ತು. ಅನ್ಯಾಯವಾದುದು ಬೇರೆ ಕಡೆ. ಆ ಕೆಲಸವನ್ನು ಸಂಬಳವಿತ್ತು ಗೌರವದಿಂದ ಮಾಡಿಸಬೇಕೆಂದು ಯಾರಿಗೂ ತೋರಲಿಲ್ಲ, ಏರಿ ಅನಾಥವಾಯಿತು.

ಬಳಿಕ ಎಲ್ಲವೂ ಬೇಗ ಬೇಗನೆ ನಡೆಯಿತು. ನೂರು ದನಗಳಿಗೆ 12 ಹೆಕ್ಟೇರಿನಂತೆ ಗೋಮಾಳವನ್ನು ಬಿಡಬೇಕೆಂದು 1966ರ ಭೂಕಂದಾಯ ನಿಯಮಗಳು ಹೇಳುತ್ತವೆ. ದನಗಳೇ ಕಡಮೆಯಾದೊಡನೆ ಅದೇ ಲೆಕ್ಕದಿಂದ ಗೋಮಾಳವು ಹೆಚ್ಚುವರಿ ಭೂಮಿಯಾಗಿ ತೋರಿತು. ಕೊಳವೆಬಾವಿ ಬಂದ ಮೇಲೆ ಕೆರೆಯ ಹಂಗು ತಪ್ಪಿತು, ಹೂಳೆತ್ತುವ ಗಾಡಿಗಳು ನಿಂತವು. ಉಪಯೋಗವಿಲ್ಲದ ನೆಲವನ್ನು ಖಾಲಿ ನೆಲವೆನ್ನುವುದು ಪಟ್ಟಣದ ಅಭ್ಯಾಸ. ಧರ್ಮಾಂಬುಧಿಯ ಕೆರೆ ಬಸ್ ನಿಲ್ದಾಣವಾದುದೂ, ಸಂಪಂಗಿ ಕೆರೆ ಕ್ರೀಡಾಂಗಣವಾಗಿ ಕರಗದ ಪೂಜೆಗೆಂದು ಒಂದು ಸಣ್ಣ ಕೊಳ ಮಾತ್ರ ಉಳಿದುದೂ ಇದೇ ಅಭ್ಯಾಸದ ಫಲ. ಮಲೇರಿಯದ ಭಯವನ್ನೂ ಕಾರಣವಾಗಿ ಹೇಳುತ್ತಿದ್ದರು. ಸೊಳ್ಳೆಗಳೇನೋ ಚರಂಡಿಗಳಲ್ಲಿ ಸುಖವಾಗಿವೆ.

ಕಾನೂನು ಏನೂ ಮಾಡಲಿಲ್ಲವೆನ್ನಲಾಗದು. ಉದ್ಯಾನ, ಆಟದ ಬಯಲು, ತೆರಪು ಜಾಗಗಳನ್ನು ಕಾಯಲೆಂದೇ 1985ರಲ್ಲಿ ಕಾಯಿದೆಯಾಯಿತು. ಸದಾಶಿವನಗರದಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟುದು ಸಲ್ಲದೆಂದು 1991ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಅದಕ್ಕಾಗಿ ಹೋರಾಡಿದವರು ಅಲ್ಲಿಯ ನಿವಾಸಿಗಳೇ. ಅಂಥ ನಿವಾಸಿಗಳು ನಮ್ಮೂರಿಗೂ ಬಂದುದರಿಂದಲೇ ಕೆರೆಯ ಒಂದು ತುಣುಕಾದರೂ ಉಳಿದುಕೊಂಡಿತು.

ಆ ತುಣುಕಿನ ಸುತ್ತ ಈಗ ತಂತಿಬೇಲಿ, ನಡಿಗೆಯ ದಾರಿ, ಬಾಗಿಲು ತೆರೆದು ಮುಚ್ಚುವ ಹೊತ್ತನ್ನು ಬರೆದ ಫಲಕ. ಗುತ್ತಿಗೆಯವರು ನೇಮಿಸಿದ ಕಾವಲುಗಾರನೊಬ್ಬನಿದ್ದಾನೆ, ದೂರದ ರಾಜ್ಯದಿಂದ ಬಂದ ಸಾಧು ಹುಡುಗ. ತೂಬು ಎಲ್ಲಿತ್ತೆಂದು ಅವನಿಗೆ ತಿಳಿಯದು, ತಿಳಿಸಿದವರೂ ಇಲ್ಲ. ಅಚ್ಚುಕಟ್ಟಿನಲ್ಲಿ ಕಟ್ಟಿದ ಮನೆಗಳಿಗೆ ಪ್ರತಿ ಮಳೆಗಾಲದಲ್ಲಿ ನೀರು ನುಗ್ಗಿದಾಗ ನಿವಾಸಿಗಳು ಅವನನ್ನು ಗದರುತ್ತಾರೆ. ಅವನಿಗೆ ವಹಿಸಿರುವ ಕೆಲಸವೋ, ಒಳಗೆ ದನಗಳು ಬಾರದಂತೆ ನೋಡಿಕೊಳ್ಳುವುದು.