ಮಳೆಗಾಲದಲ್ಲಿ ಊರಿನ ಗಾಡಿ

ಜೂನ್ ತಿಂಗಳು ಬಂತೆಂದರೆ ನಮ್ಮ ಕರಾವಳಿಯ ಮುಂಬಯಿಗರು ಎಲ್ಲಿ ಸೇರಿದರೂ ಎರಡೇ ಮಾತು: ಊರಲ್ಲಿ ಮಳೆ ಹೇಗೆ, ಗಾಡಿ ಸರಿಯಾಗಿ ಓಡುತ್ತಿದೆಯೇ? 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿಯಾಗುವ ಮುನ್ನ ಉಡುಪಿ, ಕುಂದಾಪುರಕ್ಕೆ ಬಸ್ಸಿನಲ್ಲಿ ಸೊಂಟ ಮುರಿದುಕೊಂಡು ಹೋದವರಿಗೆ ಈಗಿನ ಪ್ರಯಾಣ ಸುಖವೇ ಸರಿ. ಆದರೆ ಸುರಂಗ, ಸೇತುವೆ, ಕಡಿದ ಗುಡ್ಡಗಳ ನಡುವಿನ ಆ ಹಾದಿಯಲ್ಲಿ ಮಳೆಗಾಲದಲ್ಲಿ ಗಾಡಿ ನಿಧಾನವಾಗಿಯೇ ಹೋಗಬೇಕು. 2004ರ ಜೂನ್‌ನಲ್ಲಿ ಮಹಾರಾಷ್ಟ್ರದ ಕರಂಜಾಡಿ ಬಳಿ ಹಳಿಗೆ ಬಂಡೆ ಉರುಳಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಅಪಘಾತಕ್ಕೀಡಾದದ್ದು ನಿಮಗೆ ನೆನಪಿರಬಹುದು. ಆದ್ದರಿಂದ ವೇಗ ತಗ್ಗಿಸಿದರೆ ಗೊಣಗಬೇಡಿ. ಮಳೆಗಾಲಕ್ಕೆ ಬೇರೆಯೇ ವೇಳಾಪಟ್ಟಿ ಇರುತ್ತದೆ; ಬೇಸಿಗೆ ರಜೆಗೆ ಹೋದಾಗಿನ ಸಮಯವನ್ನೇ ನಂಬಿ ಸ್ಟೇಷನ್ನಿಗೆ ಹೋಗಬೇಡಿ, ಮುಖ್ಯವಾಗಿ ಊರಿನಿಂದ ಹಿಂದಿರುಗುವಾಗ.

ಗೊಣಗದೆ ಕೇಳಿ ಪಡೆಯಬೇಕಾದದ್ದೂ ಇದೆ. ಅದನ್ನು ನಾನು ಹಣ ಕಳೆದುಕೊಂಡು ಕಲಿತೆ.

ಕೆಲವು ವರ್ಷಗಳ ಹಿಂದೆ ಜುಲೈ ತಿಂಗಳು. ಮರುದಿನ ಮಧ್ಯಾಹ್ನ ಊರಲ್ಲಿ ದೊಡ್ಡಪ್ಪನ ಉತ್ತರಕ್ರಿಯೆ. ನಾನೂ ಮನೆಯವಳೂ ಪ್ಲಾಟ್‌ಫಾರ್ಮಿನಲ್ಲಿ ಕುಳಿತಿದ್ದೆವು. ಗಾಡಿ ಒಂದು ಗಂಟೆ ತಡ ಎಂದರು, ಆಮೇಲೆ ಎರಡು, ಕೊನೆಗೆ ಐದು. ಊಟದ ಎಲೆ ಎತ್ತಿದ ಮೇಲೆ ತಲುಪಿ ಏನು ಪ್ರಯೋಜನ? ಮನೆಗೆ ಮರಳಿದೆವು. ಆ ದುಃಖದಲ್ಲಿ ಟಿಕೆಟಿನ ಯೋಚನೆ ಯಾರಿಗೆ ಬಂದೀತು? ಮರುದಿನ ಕೌಂಟರಿಗೆ ಹೋದರೆ ಅಲ್ಲಿದ್ದವರು ಮುಖವನ್ನೂ ನೋಡದೆ, "ಗಾಡಿ ಹೊರಡುವ ಮೊದಲೇ ಕೇಳಬೇಕಿತ್ತು" ಎಂದರು. ಅವರು ಹೇಳಿದ ರೀತಿ ಸರಿಯಿರಲಿಲ್ಲ, ಮಾತು ಮಾತ್ರ ಸರಿಯಾಗಿತ್ತು.

ನಿಯಮ ಹೀಗಿದೆ: ನೀವು ಹತ್ತುವ ನಿಲ್ದಾಣಕ್ಕೆ ಗಾಡಿ ಮೂರು ಗಂಟೆಗಿಂತ ಹೆಚ್ಚು ತಡವಾಗಿ, ನೀವು ಪ್ರಯಾಣ ಮಾಡದಿದ್ದರೆ ಪೂರ್ತಿ ಹಣ ವಾಪಸು. ಆದರೆ ಅಲ್ಲಿಂದ ಗಾಡಿ ನಿಜವಾಗಿ ಹೊರಡುವುದರೊಳಗೆ ಕೌಂಟರ್ ಟಿಕೆಟನ್ನು ಒಪ್ಪಿಸಿರಬೇಕು. ಆನ್‌ಲೈನ್ ಟಿಕೆಟಾದರೆ ಟಿ.ಡಿ.ಆರ್. ಎಂಬ ಅರ್ಜಿ ಹಾಕಿರಬೇಕು. ಪ್ಲಾಟ್‌ಫಾರ್ಮಿನಲ್ಲಿ ಕುಳಿತೇ ಅದನ್ನು ಫೋನಿನಲ್ಲಿ ಸಲ್ಲಿಸಬಹುದು. ಗೊತ್ತಿಲ್ಲದಿದ್ದರೆ ಪಕ್ಕದ ಹುಡುಗರನ್ನು ಕೇಳಿ, ಸಂಕೋಚ ಬೇಡ.

ಊರಲ್ಲಿ ಯಾರಿಗಾದರೂ ಹುಷಾರಿಲ್ಲವೆಂದು ಕರೆ ಬರುತ್ತದೆ. ಟಿಕೆಟ್ ಅಪ್ಪನ ಹೆಸರಿನಲ್ಲಿ, ಹೊರಡಬಲ್ಲವನು ಮಗ. ಅಪ್ಪನ ಟಿಕೆಟ್ ಕನ್‌ಫರ್ಮ್ ಆಗಿದ್ದರೆ ಅದನ್ನು ಮಗನ ಹೆಸರಿಗೆ ಬದಲಿಸಬಹುದು. ತಂದೆತಾಯಿ, ಅಣ್ಣತಮ್ಮ, ಅಕ್ಕತಂಗಿ, ಮಕ್ಕಳು, ಗಂಡಹೆಂಡತಿ ಇಷ್ಟು ಸಂಬಂಧಕ್ಕೆ ಇದು ಸಾಧ್ಯ. ಗಾಡಿ ಹೊರಡುವ 24 ಗಂಟೆ ಮೊದಲು, ಗುರುತಿನ ಚೀಟಿ ಮತ್ತು ಸಂಬಂಧದ ದಾಖಲೆಯೊಂದಿಗೆ ರಿಸರ್ವೇಶನ್ ಕಚೇರಿಗೆ ಅರ್ಜಿ ಕೊಡಿ. ಭಾವ, ಅಳಿಯ ಈ ಪಟ್ಟಿಯಲ್ಲಿಲ್ಲ!

ಕುರ್ಲಾ ಟರ್ಮಿನಸ್ಸಿನಿಂದ ಟಿಕೆಟ್ ಮಾಡಿಸಿ ಪನವೇಲಿನಲ್ಲಿ ಹತ್ತುವ ಅಭ್ಯಾಸ ಕೆಲವರಿಗಿದೆ. ಹತ್ತುವ ನಿಲ್ದಾಣವನ್ನು ಮೊದಲೇ ಬದಲಿಸಿಕೊಳ್ಳದಿದ್ದರೆ ನಿಮ್ಮ ಬರ್ತ್ ಬೇರೆಯವರ ಪಾಲಾದೀತು. ಬದಲಿಸಿದ ಮೇಲೆ ಕುರ್ಲಾದಲ್ಲಿ ಹತ್ತುವ ಹಕ್ಕು ಉಳಿಯುವುದಿಲ್ಲ.

ಒಂಟಿಯಾಗಿ ಪ್ರಯಾಣಿಸುವ ಹೆಣ್ಣುಮಕ್ಕಳಿಗೂ ಒಂದು ವಿಷಯ ತಿಳಿದಿರಲಿ. 1989ರ ರೈಲ್ವೆ ಕಾಯ್ದೆಯ 139ನೇ ಕಲಮಿನ ಪ್ರಕಾರ, ಗಂಡಸರ ಜೊತೆಯಿಲ್ಲದ ಹೆಂಗಸನ್ನಾಗಲಿ ಮಗುವನ್ನಾಗಲಿ ಟಿಕೆಟ್ ಇಲ್ಲವೆಂದು ಎಲ್ಲೆಂದರಲ್ಲಿ ಇಳಿಸುವಂತಿಲ್ಲ. ಹತ್ತಿದ ನಿಲ್ದಾಣ, ಜಂಕ್ಷನ್, ಕೊನೆಯ ನಿಲ್ದಾಣ ಅಥವಾ ಜಿಲ್ಲಾ ಕೇಂದ್ರದಲ್ಲಿ ಮಾತ್ರ, ಅದೂ ಹಗಲಿನಲ್ಲಿ. ರಾತ್ರಿ ಎರಡು ಗಂಟೆಗೆ ಯಾವುದೋ ಕಾಡಿನ ಸ್ಟೇಷನ್ನಿನಲ್ಲಿ ಇಳಿಯೆಂದರೆ ಇಳಿಯಬೇಕಾಗಿಲ್ಲ. ರೈಲ್ವೆ ಸಹಾಯವಾಣಿಯ ನಂಬರೂ 139, ನೆನಪಿಡಲು ಸುಲಭ.

ಹಿರಿಯರಿಗಿದ್ದ ದರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತುಹೋಯಿತು. ಆದರೂ ವಯಸ್ಸನ್ನು ಸರಿಯಾಗಿ ಬರೆಸಿ. 60 ದಾಟಿದ ಗಂಡಸರಿಗೂ 45 ದಾಟಿದ ಹೆಂಗಸರಿಗೂ ಕೆಳಗಿನ ಬರ್ತ್‌ಗಳ ಪ್ರತ್ಯೇಕ ಕೋಟಾ ಇದೆ. ವಯಸ್ಸು ಮುಚ್ಚಿಟ್ಟವರು ಮೇಲೆ ಹತ್ತಿ ಮಲಗಲಿ.

ಇನ್ನು ಹಿಂದಿರುಗುವಾಗಿನ ಚೀಲಗಳು. ಸ್ಲೀಪರಿನಲ್ಲಿ ತಲೆಗೆ 40 ಕಿಲೋ ತನಕ ಉಚಿತ. ಕುಚ್ಚಲಕ್ಕಿ, ತೆಂಗಿನಕಾಯಿ, ಹಲಸಿನ ಹಪ್ಪಳ ಎಂದು ಅಮ್ಮ ಕಟ್ಟಿಕೊಡುವ ಗಂಟನ್ನು ತೂಗಿ ನೋಡುವ ಧೈರ್ಯ ನನಗಂತೂ ಇನ್ನೂ ಬಂದಿಲ್ಲ.