ಬರೆದವರು: ಎಂಟನೇ ತರಗತಿ



ನಾವು ಎಂದರೆ ಯಾರು ಎಂಬುದನ್ನು ಮೊದಲೇ ಹೇಳಿಬಿಡುತ್ತೇವೆ. ಚಾಮರಾಜನಗರದ ಕಡೆಯ ಒಂದು ಸರ್ಕಾರಿ ಶಾಲೆಯ ಕನ್ನಡ ಮೇಷ್ಟ್ರು ಒಬ್ಬರು, ವಿಜ್ಞಾನದ ಮೇಡಂ ಒಬ್ಬರು, ಎಂಟನೇ ತರಗತಿಯ ಮೂವತ್ತೊಂದು ಮಕ್ಕಳು. ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕೇರಿಯವರು. ಮೇಷ್ಟ್ರೂ ಬೇರೊಂದು ಊರಿನ ಅಂಥದೇ ಕೇರಿಯಿಂದ ಬಂದವರು. ಊರಿನ ಹೆಸರು ಹೇಳುವುದಿಲ್ಲ. ಯಾಕೆ ಎಂಬುದು ಮುಂದೆ ತಿಳಿಯುತ್ತದೆ.

ನಮ್ಮ ಮೇಷ್ಟ್ರು 1983ರಲ್ಲಿ ಹಾಸ್ಟೆಲ್ ಹುಡುಗ. ಆಗ ಒಂದು ಕರಪತ್ರ ಹೊರಡಬೇಕಾದರೆ ಮೇಣದ ಕಾಗದದ ಮೇಲೆ ಕೊರೆಯಬೇಕು, ಮಸಿ ಸವರಬೇಕು, ಸೈಕ್ಲೋಸ್ಟೈಲ್ ಉರುಳೆ ತಿರುಗಿಸಬೇಕು. ನೂರು ಪ್ರತಿ ಬರುವಷ್ಟರಲ್ಲಿ ಅಂಗಿಯೆಲ್ಲ ಮಸಿ. ಕಾಗದದ ದುಡ್ಡಿಗೆ ತಿಂಗಳಾನುಗಟ್ಟಲೆ ಟೀ ಬಿಟ್ಟಿದ್ದೂ ಉಂಟು. ಅಚ್ಚಿನ ಮನೆ ಯಾರದು, ಕಾಗದ ಯಾರದು, ಹಂಚುವ ಬಸ್ಸು ಯಾರದು ಎಂಬ ಪ್ರಶ್ನೆಗಳು ಆಗಲೇ ತಲೆಗೆ ಹೊಕ್ಕವು. ಅಕ್ಷರ ಕಲಿತರೆ ಸಾಲದು, ಅಕ್ಷರವನ್ನು ನಾಲ್ಕು ಜನರ ಕೈಗೆ ತಲುಪಿಸುವ ದಾರಿಯೂ ಬೇಕು. ಅಂಬೇಡ್ಕರ್ 1920ರಲ್ಲಿ ‘ಮೂಕನಾಯಕ’ ಪತ್ರಿಕೆ ಹೊರಡಿಸಿದ್ದು ಸುಮ್ಮನೆ ಅಲ್ಲ.

2018ರ ಜೂನ್‌ನಲ್ಲಿ ನಾವು ಶಾಲೆಯಲ್ಲಿ ಗೋಡೆ ಪತ್ರಿಕೆ ಶುರುಮಾಡಿದೆವು. ಮೂರೇ ತಿಂಗಳಿಗೆ ಬೇಸರ ಬಂತು. ಓದುವವರು ನಾವೇ, ಬರೆಯುವವರೂ ನಾವೇ. ಇನ್ಸ್‌ಪೆಕ್ಟರ್ ಬರುವ ದಿನ ಮಾತ್ರ ಅದಕ್ಕೆ ಬಣ್ಣದ ಕಾಗದ. ಆಗ ಮೇಡಂ ತಮ್ಮ ಒಡೆದ ಗಾಜಿನ ಫೋನು ತೋರಿಸಿ, “ಇದರಲ್ಲೇ ಒಂದು ಗೋಡೆ ಕಟ್ಟೋಣ” ಎಂದರು.

ಬ್ಲಾಗ್ ಎಂದರೆ ಅಷ್ಟೆ, ಅಂತರ್ಜಾಲದಲ್ಲಿ ಒಂದು ವಿಳಾಸ, ಒಂದು ಗೋಡೆ. ಬ್ಲಾಗರ್ 1999ರಿಂದ ಇದೆ, ವರ್ಡ್‌ಪ್ರೆಸ್ 2003ರಿಂದ ಇದೆ. ದುಡ್ಡಿಲ್ಲ, ಅಚ್ಚುಮೊಳೆ ಇಲ್ಲ. ಬರೆದು ಒಂದು ಗುಂಡಿ ಒತ್ತಿದರೆ ಮೈಸೂರಿನಲ್ಲೂ ಓದಬಹುದು, ಮಸ್ಕತ್‌ನಲ್ಲೂ ಓದಬಹುದು. ಆದರೆ ಪುಕ್ಕಟೆ ಸಿಕ್ಕಿತು ಎಂದು ಅದು ನಮ್ಮ ಸ್ವಂತದ್ದಾಗುವುದಿಲ್ಲ. ಗೋಡೆ ಕಂಪನಿಯದು, ಸುಣ್ಣ ಬಳಿಯುವುದು ಮಾತ್ರ ನಾವು. ಅದಕ್ಕೇ ಮಕ್ಕಳು ಬರೆದ ಕಾಗದಗಳನ್ನು ದಾರ ಹಾಕಿ ಹೊಲಿದು ಇಟ್ಟುಕೊಂಡೆವು. ಕಂಪನಿ ಗೋಡೆ ಕೆಡವಿದರೂ ಬರಹ ಉಳಿಯಬೇಕಲ್ಲ.

ಕೆಲಸದ ಕ್ರಮ ಹೀಗೆ. ಮೊದಲು ಕಾಗದದ ಮೇಲೆ ಬರೆಯುವುದು. ಎದ್ದುನಿಂತು ತರಗತಿಗೆ ಓದುವುದು. ಉಳಿದವರು ಪ್ರಶ್ನೆ ಕೇಳುವುದು: ನೀನು ಕಂಡದ್ದಾ, ಕೇಳಿದ್ದಾ? ಎಷ್ಟು ಜನ ಇದ್ದರು? ಯಾವ ದಿನ? ಬರೆದವರು ತಿದ್ದಿ ತಂದ ಮೇಲೆ ಇಬ್ಬರು ಸೇರಿ ಫೋನಿನಲ್ಲಿ ಕುಟ್ಟುವುದು, ಮೂರನೆಯವರು ಓದಿ ನೋಡುವುದು. ಅಲ್ಲಿಯವರೆಗೂ ಬರಹ ಕರಡಾಗಿಯೇ ಇರುತ್ತದೆ. ಎಲ್ಲರೂ ಹೂಂ ಎಂದ ಮೇಲೆ ಗುಂಡಿ ಒತ್ತುವುದು. ಒಂದೇ ಫೋನಿದ್ದರೂ ಮೂವತ್ತೊಂದು ಮಕ್ಕಳಿಗೆ ಕೆಲಸವಿತ್ತು.

ಮೊದಲ ಬರಹಗಳನ್ನು ಓದಿದರೆ ಈಗಲೂ ನಗು ಬರುತ್ತದೆ. ‘ನನ್ನ ಮೆಚ್ಚಿನ ಹಬ್ಬ’, ‘ಮೈಸೂರು ದಸರಾ’. ಎಲ್ಲವೂ ಗೈಡಿನಿಂದ ಇಳಿಸಿದ್ದು. ದಸರಾ ನೋಡದ ಹುಡುಗ ಆನೆಯ ಮೇಲಿನ ಅಂಬಾರಿಯನ್ನು ಕಣ್ಣಾರೆ ಕಂಡಂತೆ ಬರೆದಿದ್ದ. ಅವನಪ್ಪ ದಿನಾ ಕಬ್ಬು ಕಡಿಯುವುದರ ಬಗ್ಗೆ ಒಂದು ಸಾಲಿಲ್ಲ. “ಯಾಕೋ ಬರೀಲಿಲ್ಲ?” ಅಂದರೆ, “ಅದೆಲ್ಲ ಬರಿಯೋದಾ ಸಾ?” ಅಂದ. ಅವನ ತಪ್ಪಲ್ಲ. ತನ್ನ ಬದುಕು ಬರೆಯುವುದಕ್ಕೆ ಯೋಗ್ಯವಲ್ಲ ಎಂದು ಎಂಟು ವರ್ಷ ಅವನಿಗೆ ಕಲಿಸಿದವರು ನಾವೇ.

ಫೋನೂ ಅದನ್ನೇ ಕಲಿಸುತ್ತಿತ್ತು. ಮಕ್ಕಳು ‘ಬತ್ತಿವ್ನಿ’ ಎಂದು ಕುಟ್ಟಿದರೆ ಅದಕ್ಕೆ ಗೊತ್ತಾಗದು, ಬೇರೇನೋ ಪದ ಮುಂದೊಡ್ಡುತ್ತದೆ. ಬಾಯಲ್ಲಿ ಹೇಳಿ ಬರೆಸಿದರೂ ಅಷ್ಟೆ, ಕೇರಿಯ ಮಾತು ಒಳಹೋಗಿ ಪಠ್ಯಪುಸ್ತಕದ ಮಾತಾಗಿ ಹೊರಗೆ ಬರುತ್ತದೆ. ಶಾಲೆಯ ಹಳೇ ಕಂಪ್ಯೂಟರಿನ ಪಾಡು ಇನ್ನೊಂದು. ಅದರಲ್ಲಿದ್ದ ಹಳೆಯ ನುಡಿ ಅಕ್ಷರದಲ್ಲಿ ಕುಟ್ಟಿ ಬ್ಲಾಗಿಗೆ ಹಾಕಿದರೆ ಕನ್ನಡವೆಲ್ಲ ಕೊಂಬು ಚುಕ್ಕಿಯ ಇಂಗ್ಲಿಷ್ ಅಕ್ಷರಗಳಾಗಿ ಬಿದ್ದವು. ಯೂನಿಕೋಡ್‌ನಲ್ಲಿ ಬರೆದರೆ ಮಾತ್ರ ಎಲ್ಲ ಫೋನಿನಲ್ಲೂ ಕನ್ನಡವಾಗಿಯೇ ಕಾಣುತ್ತದೆ ಎಂಬುದನ್ನು ಕಲಿಯಲು ನಮಗೆ ಒಂದು ವಾರ ಹಿಡಿಯಿತು. ಫೋನು ತಿದ್ದಿದ್ದನ್ನು ಮತ್ತೆ ತಿದ್ದಿ, ಮಕ್ಕಳ ಮಾತನ್ನು ಮಕ್ಕಳ ಮಾತಾಗಿಯೇ ಉಳಿಸಿದೆವು.

2019ರ ಫೆಬ್ರವರಿಯಲ್ಲಿ ಒಬ್ಬ ಹುಡುಗಿ ನೀರಿನ ಬಗ್ಗೆ ಬರೆದಳು. ಕೇರಿಯ ಮಿನಿಟ್ಯಾಂಕಿನ ಮೋಟಾರು ಸುಟ್ಟು ಕೂತಿತ್ತು. ಮೇಡಂ “ಸುಮ್ಮನೆ ನೀರಿಲ್ಲ ಅನ್ಬೇಡ, ಲೆಕ್ಕ ಇಡು” ಎಂದಿದ್ದರು. ಹುಡುಗಿ ಹದಿನೈದು ದಿನ ಕ್ಯಾಲೆಂಡರಿನ ಹಿಂದೆ ಗೀಟು ಹಾಕಿದಳು. ಊರೊಳಗೆ ಹನ್ನೆರಡು ದಿನ ನೀರು ಬಂದಿತ್ತು, ಕೇರಿಗೆ ಮೂರು ದಿನ. ಅವ್ವ ಎಷ್ಟು ಕೊಡ ಹೊತ್ತಳು, ಯಾರ ತೋಟದ ಬಾವಿಯ ಹತ್ತಿರ ದೂರ ನಿಂತು ಕಾದಳು, ಯಾರು ಮೇಲಿನಿಂದ ನೀರು ಹುಯ್ದರು, ಎಲ್ಲ ಬರೆದಳು. ಬೈಗುಳ ಇಲ್ಲ, ಘೋಷಣೆ ಇಲ್ಲ. ಲೆಕ್ಕ ಮಾತ್ರ. ಕೆಳಗೆ ಅವಳ ಹೆಸರು ಹಾಕಿದೆವು. ಅವತ್ತು ಸಂಜೆ ಓದು ಬಾರದ ಅವರವ್ವ ಫೋನಿನ ಮೇಲೆ ಆ ಹೆಸರನ್ನು ಬೆರಳಿಂದ ಮುಟ್ಟಿ ನೋಡಿದಳಂತೆ.

ನಾಲ್ಕನೇ ದಿನಕ್ಕೆ ಊರಿನ ಒಬ್ಬ ದೊಡ್ಡವರು ಶಾಲೆಗೆ ಬಂದರು. “ಪಾಠ ಹೇಳ್ಕೊಡಿ ಅಂತ ಸರ್ಕಾರ ಸಂಬ್ಳ ಕೊಟ್ರೆ, ಊರ್ ಮಾನವ ಬೀದಿಗ್ ಹಾಕ್ತಾ ಕೂತಿದ್ದೀರಲ್ಲ ಮೇಷ್ಟ್ರೇ?” ಬೆಳಗಿನ ಹೊತ್ತು ತಮ್ಮದೇ ಹೊಲದಲ್ಲಿ ಗೇಯುತ್ತಿದ್ದ ಹುಡುಗಿಯ ಅಪ್ಪನನ್ನು ಆಗಲೇ ಕರೆದು, ನಾಳೆಯಿಂದ ಬರಬೇಡ ಅಂದಿದ್ದರು. ನಾವು ಹೆದರಿದೆವು. ಬರಹ ತೆಗೆದೆವು. ಆದರೆ ತೆಗೆದರೆ ಏನು? ಅಷ್ಟರಲ್ಲಿ ಯಾರೋ ಅದರ ಚಿತ್ರ ತೆಗೆದು ವಾಟ್ಸ್ಯಾಪಿನಲ್ಲಿ ಊರೆಲ್ಲ ಹಂಚಿದ್ದರು, ಹೆಸರಿನ ಸಮೇತ. ಸೈಕ್ಲೋಸ್ಟೈಲ್ ಕರಪತ್ರವನ್ನಾದರೆ ಒಲೆಗೆ ಹಾಕಬಹುದಿತ್ತು. ಇದನ್ನು ಸುಡಲು ಬೆಂಕಿಯಿಲ್ಲ.

ತಪ್ಪು ನಮ್ಮದು. ಸಂಬಳ ಬರುವವರು ನಾವು, ವರ್ಗವಾದರೆ ಇನ್ನೊಂದು ಊರು. ಕೂಲಿ ಹೋದರೆ ಅವರಿಗೆ ಒಲೆಯೇ ಇಲ್ಲ. ಮಗುವಿನ ಕೈಯಲ್ಲಿ ಬರೆಸುವ ಮುನ್ನ ಆ ಮನೆಗೆ ಹೋಗಿ, ಹೀಗೆ ಬರೆದಿದ್ದಾಳೆ, ಹೀಗಾಗಬಹುದು, ಹಾಕೋಣವೋ ಬೇಡವೋ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಕ್ರಾಂತಿ ನಮ್ಮ ಬಾಯಲ್ಲಿತ್ತು, ಪೆಟ್ಟು ಅವರ ಬೆನ್ನಿಗೆ ಬಿತ್ತು.

ಇಂಥ ಪೆಟ್ಟು ತಿಂದವರು ನಾವೇ ಮೊದಲಲ್ಲ. ಫ್ರಾನ್ಸಿನ ಹಳ್ಳಿ ಮೇಷ್ಟ್ರು ಸೆಲೆಸ್ಟಿನ್ ಫ್ರೆನೆ 1924ರಲ್ಲಿ ತರಗತಿಯೊಳಗೇ ಸಣ್ಣ ಅಚ್ಚಿನ ಯಂತ್ರ ಇಟ್ಟರು. ರೈತರ, ಕೂಲಿಗಳ ಮಕ್ಕಳು ಬರೆದದ್ದನ್ನು ಮಕ್ಕಳೇ ಮೊಳೆ ಜೋಡಿಸಿ ಅಚ್ಚು ಹಾಕಿ ದೂರದ ಶಾಲೆಗಳಿಗೆ ಕಳಿಸುತ್ತಿದ್ದರು. ಮಕ್ಕಳ ಬರಹವನ್ನೇ ನೆಪ ಮಾಡಿಕೊಂಡು ಊರಿನ ದೊಡ್ಡವರು ತಿರುಗಿಬಿದ್ದರು. 1933ರಲ್ಲಿ ಫ್ರೆನೆ ತಮ್ಮ ಶಾಲೆ ಬಿಡಬೇಕಾಯಿತು. ಊರು ಯಾವುದಾದರೇನು, ದೊಡ್ಡವರ ಬುದ್ಧಿ ಒಂದೇ.

ಮೇಷ್ಟ್ರು ತರಗತಿಯಲ್ಲಿ ಇದನ್ನೆಲ್ಲ ಹೇಳಿ, “ಹೆಸರು ಹಾಕಬಾರದಿತ್ತು, ತಪ್ಪಾಯ್ತು” ಎಂದರು. ಹುಡುಗಿ ಎದ್ದಳು. “ಸಾ, ನಾನ್ ಬರ್ದುದ್ ಸುಳ್ಳಾ? ಮತ್ಯಾಕ್ ತಗ್ದ್ರಿ ನನ್ ಹೆಸ್ರ?” ನಮಗೆ ಮಾತು ಹೊರಡಲಿಲ್ಲ. ಯಾಕೆಂದರೆ ಅವಳ ಮಾತೂ ನಿಜ. ಫುಲೆ ದಂಪತಿಗಳ ಶಾಲೆಯಲ್ಲಿ ಓದಿದ ಮಾಂಗ ಜಾತಿಯ ಹುಡುಗಿ ಮುಕ್ತಾ ಸಾಳ್ವೆ, ಮಾಂಗ-ಮಹಾರರ ದುಃಖದ ಬಗ್ಗೆ ಬರೆದ ಪ್ರಬಂಧ 1855ರಲ್ಲೇ ‘ಜ್ಞಾನೋದಯ’ ಪತ್ರಿಕೆಯಲ್ಲಿ ಅಚ್ಚಾಯಿತು. ಹೆಸರು ಉಳಿದದ್ದರಿಂದಲೇ ಇವತ್ತು ನಾವು ಅವಳನ್ನು ನೆನೆಯುತ್ತೇವೆ. ಹೆಸರಿಟ್ಟು ಕರೆಯಿಸಿಕೊಳ್ಳುವ ಹಕ್ಕೇ ಇಲ್ಲದವರಿಗೆ ಹೆಸರು ಅಂದರೆ ಸಣ್ಣ ವಿಷಯವಲ್ಲ.

ದಾರಿ ತೋರಿಸಿದ್ದು ಇಟಲಿಯ ಬಾರ್ಬಿಯಾನಾ ಎಂಬ ಗುಡ್ಡದೂರಿನ ಶಾಲೆ. ಅಲ್ಲಿನ ಎಂಟು ಹುಡುಗರು ಪರೀಕ್ಷೆಯಲ್ಲಿ ಬಡವರ ಮಕ್ಕಳನ್ನು ಫೇಲು ಮಾಡುವ ವ್ಯವಸ್ಥೆಯ ವಿರುದ್ಧ, ಒಬ್ಬ ಮೇಡಂಗೆ ಪತ್ರದ ರೂಪದಲ್ಲಿ ಒಂದು ಇಡೀ ಪುಸ್ತಕ ಬರೆದರು. 1967ರಲ್ಲಿ ಬಂದ ಆ ಪುಸ್ತಕದ ಮೇಲೆ ಯಾವ ಒಬ್ಬ ಹುಡುಗನ ಹೆಸರೂ ಇಲ್ಲ, ಶಾಲೆಯ ಹೆಸರಿದೆ. ಮೇಷ್ಟ್ರು ಈ ಕಥೆ ಹೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, “ನಾವೂ ಅಂಗೇ ಮಾಡವ ಸಾ. ಎಲ್ರೂವೆ ಎಣಿಸವ” ಎಂದ. ಅವನು ಊರೊಳಗಿನ ಹುಡುಗ.

ಈ ಸಲ ಮೊದಲು ಮನೆಗಳಿಗೆ ಹೋದೆವು. ಬೇಡ ಎಂದ ಎರಡು ಮನೆಯ ಮಕ್ಕಳನ್ನು ಎಣಿಕೆಗೆ ಕಳಿಸಲಿಲ್ಲ, ಅದಕ್ಕಾಗಿ ಅವರನ್ನು ಹೀಯಾಳಿಸಲೂ ಇಲ್ಲ. ಉಳಿದವರು ಊರು-ಕೇರಿ ಎರಡರ ನಲ್ಲಿಗಳನ್ನೂ ಎಣಿಸಿದರು. ಬರಹ ‘ನಾವು’ ಎಂದು ಶುರುವಾಯಿತು. ಕೆಳಗೆ: ಬರೆದವರು ಎಂಟನೇ ತರಗತಿ. ಫೋಟೋ ಇಲ್ಲ, ಊರಿನ ಹೆಸರಿಲ್ಲ. ಪಂಚಾಯಿತಿಗೆ ಅದರ ಒಂದು ಕಾಗದದ ಪ್ರತಿ ಕೊಟ್ಟು ಸಹಿ ತಂದೆವು. ಯುಗಾದಿಗೆ ಮುಂಚೆ ಮೋಟಾರು ರಿಪೇರಿಯಾಯಿತು. ಯಾರಿಂದ ಆಯಿತು ಎಂದು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಹುಡುಗಿಯ ಅಪ್ಪನನ್ನು ಮಾತ್ರ ಆ ಹೊಲಕ್ಕೆ ಮತ್ತೆ ಕರೆಯಲಿಲ್ಲ. ಆತ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋದ. ನೀರು ಬಂತು, ಅಪ್ಪ ಊರು ಬಿಟ್ಟ. ಎರಡನ್ನೂ ಒಟ್ಟಿಗೇ ಬರೆಯದಿದ್ದರೆ ಈ ಕಥೆ ಸುಳ್ಳಾಗುತ್ತದೆ.

ಇದನ್ನು ಓದುವ ಮೇಷ್ಟ್ರುಗಳಿಗೆ ಒಂದು ಮಾತು. ಸಾಧನ ಸುಲಭ, ಅದನ್ನು ಹತ್ತು ನಿಮಿಷದಲ್ಲಿ ಕಲಿಯಬಹುದು. ಗುಂಡಿ ಒತ್ತಿದ ಮೇಲೆ ಏನಾಗುತ್ತದೆ ಎಂಬುದನ್ನು ಕಲಿಯುವುದೇ ಕಷ್ಟ. ಮಕ್ಕಳ ಹೆಸರಿನಲ್ಲಿ ಖಾತೆ ತೆರೆಯಬೇಡಿ. ಮೊದಮೊದಲು ಗೋಡೆಯನ್ನು ನಿಮ್ಮವರಿಗಷ್ಟೇ ಕಾಣುವಂತೆ ಇಟ್ಟುಕೊಳ್ಳಿ, ಅದಕ್ಕೆ ಅವಕಾಶವಿದೆ. ಮನೆಯವರನ್ನು ಕೇಳದೆ ಏನನ್ನೂ ಹಾಕಬೇಡಿ. ಹಾಗಂತ ಹೆದರಿ ‘ಮೈಸೂರು ದಸರಾ’ಕ್ಕೆ ವಾಪಸು ಹೋಗಬೇಡಿ.

2024ರಲ್ಲಿ ಆ ಹುಡುಗಿ ಬಂದಿದ್ದಳು. ಈಗ ಡಿಗ್ರಿ ಓದುತ್ತಿದ್ದಾಳೆ. ದಾರ ಹೊಲಿದ ಕಾಗದದ ಕಟ್ಟು ಕೇಳಿ ತೆಗೆಸಿದಳು. ಅದರಲ್ಲಿ ಅವಳ ಮೊದಲ ಬರಹ ಹೆಸರಿನ ಸಮೇತ ಹಾಗೇ ಇತ್ತು. “ಸಾ, ನಂಗೀಗ ಹದ್ನೆಂಟ್ ದಾಟ್ತು. ಅಪ್ಪನ್ನೂ ಕೇಳ್ಕಂಡ್ ಬಂದಿವ್ನಿ. ಇದ ಮತ್ತೆ ಹಾಕವ” ಎಂದಳು. ನಾವು ಪಾಸ್‌ವರ್ಡ್ ಕೊಟ್ಟೆವು. ಅವಳೇ ಕೂತು ಕುಟ್ಟಿದಳು, ಕೊನೆಯಲ್ಲಿ ತನ್ನ ಹೆಸರನ್ನೂ. ಆ ಹೆಸರನ್ನು ನಾವು ಇಲ್ಲಿ ಬರೆದಿಲ್ಲ. ಅದನ್ನು ಎಲ್ಲಿ ಬರೆಯಬೇಕು ಎಂದು ತೀರ್ಮಾನಿಸುವವಳು ಅವಳು.